ಇಂದ್ರಲುಪ್ತ

ತಲೆಯಲ್ಲಿ ರೂಪಾಯಿ ಬಿಲ್ಲೆಯಷ್ಟು ಜಾಗ ನುಣ್ಣಗಾದರೆ ಗದಗ-ಬೆಟಗೇರಿ, ಮುಂಡರಗಿ ಕಡೆ ‘ಹುಳ ತಿಂದೈತಿ’ ಎನ್ನುವುದುಂಟು. ಲಕ್ಷ್ಮೇಶ್ವರದ ಹಳೆಯ ಹೆಸರು ಪುಲಿಗೆರೆ ಹುಲಿಗೆರೆಯಾದಂತೆಯೇ ಹಳಗನ್ನಡದ ‘ಪುೞು’ ಹುಳುವಾಯಿತು. ತಮಿಳರು ಇದೇ ತೊಂದರೆಗೆ ‘ಪುೞುವೆಟ್ಟು’ ಎನ್ನುತ್ತಾರೆ. ತೆಲುಗರು ತಪ್ಪನ್ನು ಹೇನಿನ ಮೇಲೆ ಹೊರಿಸಿ ‘ಪೇನುಕೊರುಕುಡು’ ಎಂದರು, ಗ್ರೀಕರು ನರಿಯ ಕಜ್ಜಿಯನ್ನು ನೆನೆದರು. ಕೂದಲುದುರುವಿಕೆಗೆ ಇಂದಿನ ವೈದ್ಯರು ಹೇಳುವ ‘ಅಲೊಪೇಸಿಯಾ’ ಹುಟ್ಟಿದ್ದು ನರಿ ಎಂಬರ್ಥದ ‘ಅಲೋಪೆಕ್ಸ್’ನಿಂದ.

ಇದಕ್ಕೆ ಸಂಸ್ಕೃತ ವೈದ್ಯಗ್ರಂಥದ ಮಾತು ಇಂದ್ರಲುಪ್ತ, ಸುಶ್ರುತಸಂಹಿತೆಯಲ್ಲೇ ಇದೆ. ಪಿತ್ತ-ವಾತ ಕೂದಲನ್ನು ಉದುರಿಸುತ್ತವೆ, ಕಫ-ರಕ್ತ ರೋಮಕೂಪವನ್ನು ಮುಚ್ಚುತ್ತವೆ ಎಂಬುದು ಅಲ್ಲಿಯ ವಿವರಣೆ. ‘ಲುಪ್’ ಧಾತುವಿಗೆ ಮುರಿ, ಕಸಿದುಕೊ, ಇಲ್ಲವಾಗಿಸು ಎಂಬ ಅರ್ಥಗಳಿವೆ. ಶಾಲೆಯಲ್ಲಿ ಕಾಡಿದ ಲೋಪಸಂಧಿಯೂ ಅದರದೇ ಕುಡಿ. ಅಲ್ಲಿ ಸ್ವರ ಹೋಗುತ್ತದೆ, ಇಲ್ಲಿ ಕೂದಲು.

ಇದನ್ನು ‘ಹುಳುಕಡ್ಡಿ’ ಎನ್ನುವುದು ಮಾತ್ರ ಸರಿಯಲ್ಲ. ಹುಳುಕಡ್ಡಿ ಶಿಲೀಂಧ್ರದ ಸೋಂಕು, ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಇಂದ್ರಲುಪ್ತ ಅಂಟುವುದಿಲ್ಲ, ಬಾಚಣಿಗೆ ಬೇರೆ ಇಡಬೇಕಾಗಿಲ್ಲ. ಇಲ್ಲಿ ದಾಳಿ ಮಾಡುವುದು ನಮ್ಮವೇ ಬಿಳಿ ರಕ್ತಕಣಗಳಾದ ಟಿ-ಕೋಶಗಳು. ಬೆಳೆಯುವ ಕೂದಲಿನ ಬುಡ ಸಾಮಾನ್ಯವಾಗಿ ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳದ ತಾಣ. ಆ ಮರೆ ಸರಿದಾಗ ಸಿಡಿ8 ಟಿ-ಕೋಶಗಳು ಬುಡವನ್ನು ಮುತ್ತುತ್ತವೆ. ಸೂಕ್ಷ್ಮದರ್ಶಕದಲ್ಲಿ ಕಂಡವರು ಅದನ್ನು ಜೇನುಹಿಂಡು ಎಂದೇ ಕರೆದಿದ್ದಾರೆ. ಅವು ಹೊರಹಾಕುವ ಇಂಟರ್‌ಫೆರಾನ್-ಗಾಮಾ ಎಂಬ ಸಂದೇಶವಾಹಕ ದಾಳಿಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ಆದರೂ ಬುಡ ಸಾಯುವುದಿಲ್ಲ. ಎಷ್ಟೋ ಜನರಿಗೆ ಕೂದಲು, ಮೊದಲು ಬೆಳ್ಳಗೆ, ತಾನಾಗಿಯೇ ಮರಳುತ್ತದೆ. ತೀವ್ರವಾಗಿದ್ದರೆ ಈ ಕೋಶಗಳ ಸಂದೇಶವನ್ನು ತಡೆಯುವ ಬ್ಯಾರಿಸಿಟಿನಿಬ್ ಮಾತ್ರೆಯಿದೆ. 2022ರಲ್ಲಿ ಅಮೆರಿಕ ಅದನ್ನು ಈ ತೊಂದರೆಗೆ ಬಳಸಲು ಒಪ್ಪಿಗೆ ನೀಡಿತು.