ಸರದಿಯ ಧರ್ಮ

ಮಡಿಕೇರಿಗೆ ಅನತಿದೂರದಲ್ಲಿ, ಹೆಸರಿಗೆ ತಕ್ಕಂತೆ ಗಾಳಿಯೇ ಬೀಡುಬಿಟ್ಟಂತಿರುವ ಗಾಳಿಬೀಡಿನಂತಹ ಮಲೆಯೂರುಗಳಲ್ಲಿ, ಮಕ್ಕಳನ್ನು ಸೈನ್ಯಕ್ಕೂ ದೂರದ ನಗರಗಳಿಗೂ ಕಳುಹಿಸಿದ ಹಿರಿಯರು ಅವರ ದನಿಯನ್ನು ಕೇಳಬೇಕಾದರೆ ಟ್ರಂಕ್ ಕರೆಯನ್ನು ಬುಕ್ ಮಾಡಿ ಗಂಟೆಗಟ್ಟಲೆ ಕಾದಿರಬೇಕಾಗಿದ್ದ ಕಾಲವೊಂದಿತ್ತು. ತಂತಿಗಳು ಕೆಲವೇ, ಮಾತನಾಡುವವರು ಹಲವರು. ಆದುದರಿಂದ ಸಾಧಾರಣ, ಅರ್ಜೆಂಟ್, ಲೈಟ್ನಿಂಗ್ ಎಂದು ಕರೆಗಳಲ್ಲಿ ಅಂತಸ್ತುಗಳು ಏರ್ಪಟ್ಟಿದ್ದುವು. ಅರ್ಜೆಂಟಿಗೆ ಇಮ್ಮಡಿ ದರ, ಲೈಟ್ನಿಂಗಿಗೆ ಎಂಟು ಮಡಿ. ಆಪತ್ತಿನಲ್ಲಿರುವವನಿಗೆ ಮೊದಲು ದಾರಿ ಬಿಡುವುದು ಧರ್ಮವೇ ಸರಿ. ಆದರೆ ಅವಸರದ ಅಳತೆಗೋಲು ಹಣವಾದಾಗ, ಸಾವಿನ ಸುದ್ದಿ ಮುಟ್ಟಿಸಬೇಕಾದ ಬಡವನು ಪೇಟೆಯ ಧಾರಣೆ ವಿಚಾರಿಸುವ ವರ್ತಕನ ಹಿಂದೆ ನಿಲ್ಲಬೇಕಾಗುತ್ತಿದ್ದಿತು.

ದಾರಿ ಬಿಡುವ ಅಧಿಕಾರ ಮನುಷ್ಯನ ಕೈಯಲ್ಲಿದ್ದರೆ ಪಕ್ಷಪಾತದ ಶಂಕೆಯೂ ತಪ್ಪದು. ತನಗೆ ಬರಬೇಕಾದ ಕರೆಗಳನ್ನು ಆಪರೇಟರು ಪ್ರತಿಸ್ಪರ್ಧಿಯ ಕಡೆಗೆ ತಿರುಗಿಸುತ್ತಿರುವಳೆಂಬ ಸಂಶಯದಿಂದಲೇ, ಶವಸಂಸ್ಕಾರದ ವೃತ್ತಿಯಲ್ಲಿದ್ದ ಅಮೆರಿಕದ ಆಲ್ಮನ್ ಸ್ಟ್ರೌಜರ್ ಸ್ವಯಂಚಾಲಿತ ಸ್ವಿಚ್ಚನ್ನು ಕಲ್ಪಿಸಿದನೆಂದು ಹೇಳುತ್ತಾರೆ; ಅದಕ್ಕೆ ಪೇಟೆಂಟ್ ದೊರೆತುದು 1891ರಲ್ಲಿ. ನಮ್ಮಲ್ಲಿ, ಆಪರೇಟರ ನೆರವಿಲ್ಲದೆ ದೂರದೂರಿಗೆ ನೇರವಾಗಿ ಕರೆಮಾಡುವ ಎಸ್‌ಟಿಡಿ 1960ರಲ್ಲಿ ಕಾನ್ಪುರ, ಲಖನೌಗಳ ನಡುವೆ ಆರಂಭವಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆಯು, ಹವಾನಿಯಂತ್ರಣದ ಹಂಗಿಲ್ಲದೆ ಹಳ್ಳಿಯಲ್ಲಿ ನಡೆಯಬಲ್ಲ ಎಕ್ಸ್‌ಚೇಂಜನ್ನು ರೂಪಿಸಿ, 1986ರಲ್ಲಿ ಮೊದಲಿಗೆ ಸ್ಥಾಪಿಸಿದುದು ನಮ್ಮ ಕಿತ್ತೂರಿನಲ್ಲಿಯೇ.

ಮುಂದೆ ಮಾತು, ಪತ್ರ, ಚಿತ್ರಗಳೆಲ್ಲವೂ ಪ್ಯಾಕೆಟ್ಟುಗಳೆಂಬ ತುಣುಕುಗಳಾಗಿ ಒಂದೇ ಹಾದಿಯಲ್ಲಿ ಹರಿಯತೊಡಗಿದಾಗ ಯಾರ ಸರದಿ ಮೊದಲೆಂಬ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ಎದುರಾಯಿತು. ಪ್ರತಿಯೊಬ್ಬರಿಗೂ ಬೇರೆ ಸಾಲು, ಸಾಲಿಗೊಂದರಂತೆ ತುಣುಕು ಎಂಬ ಸೂತ್ರವನ್ನು 1985ರಲ್ಲಿ ಜಾನ್ ನೇಗಲ್ ಸೂಚಿಸಿದನು. ಆದರೆ ದೊಡ್ಡ ತುಣುಕಿನವನಿಗೆ ಅದರಲ್ಲಿ ಹೆಚ್ಚು ಪಾಲು ದಕ್ಕುತ್ತಿದ್ದಿತು. 1989ರಲ್ಲಿ ಡೆಮರ್ಸ್, ಕೇಶವ್, ಶೆಂಕರ್ ಈ ಲೋಪವನ್ನು ತಿದ್ದಿದರಾದರೂ, ಸಾಲುಗಳು ಹೆಚ್ಚಿದಂತೆ ಲೆಕ್ಕದ ಭಾರವೂ ಹೆಚ್ಚುತ್ತಿದ್ದಿತು. 1995ರಲ್ಲಿ ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಕಂಡ ಉಪಾಯವು ಸರಳವಾದುದು: ಪ್ರತಿ ಸುತ್ತಿನಲ್ಲಿಯೂ ಪ್ರತಿ ಸಾಲಿಗೆ ನಿಯತವಾದ ಪಡಿ, ತಲೆಯಲ್ಲಿರುವ ತುಣುಕು ಆ ಪಡಿಗಿಂತ ದೊಡ್ಡದಾಗಿ ಕಾಯಬೇಕಾಗಿ ಬಂದರೆ, ಆ ಪಡಿಯು ವ್ಯರ್ಥವಾಗದೆ ಆ ಸಾಲಿನ ಖಾತೆಯಲ್ಲಿ ಜಮೆಯಾಗಿ ಮುಂದಿನ ಸುತ್ತಿಗೆ ಒದಗುವುದು. ಅವಸರದ ಸಾಲಿಗೆ ದೊಡ್ಡ ಪಡಿಯನ್ನು ಕೊಡಬಹುದು. ಆದರೂ ಕಿರಿಯ ಸಾಲು ಉಪವಾಸ ಬೀಳದು. ಸಾಲುಗಳು ಎಷ್ಟೇ ಹೆಚ್ಚಲಿ, ಒಂದು ತುಣುಕನ್ನು ಕಳುಹಿಸುವ ಶ್ರಮ ಹೆಚ್ಚದು.

2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದು ದಾರಿಗಳು ಮುಚ್ಚಿದಾಗ, ಒಂದು ಕರೆಯ ಬೆಲೆಯೇನೆಂಬುದನ್ನು ಈ ಸೀಮೆಯವರು ಮನಗಂಡರು. ರಕ್ಷಣೆಗೆ ಹೊರಟವರ ಮಾತು ಮೊದಲು ಹೋಗಬೇಕು, ನಿಜ. ಆದರೆ ತಾನು ಬದುಕಿರುವೆನೆಂದು ಮನೆಯವರಿಗೆ ತಿಳಿಸಬಯಸುವ ಸಾಧಾರಣನ ಸರದಿಯೂ ಬಂದೇ ತೀರಬೇಕು. ಅವನನ್ನು ಮರೆಯುವ ಏರ್ಪಾಡು ಎಷ್ಟೇ ವೇಗವುಳ್ಳದ್ದಾದರೂ ನ್ಯಾಯವುಳ್ಳದ್ದಲ್ಲ.