ಹರಿದ ಸ್ಪೀಕರಿನ ನಾದ

ಹೊಸದಾಗಿ ಮಲ್ಟಿ ಎಫೆಕ್ಟ್ಸ್ ಪ್ರೊಸೆಸರ್ ಕೊಂಡ ಗಿಟಾರ್ ವಾದಕರು ಬೇಗನೆ ಹೇಳುವ ದೂರು ಒಂದಿದೆ. ಹೆಡ್‌ಫೋನಿನಲ್ಲಿ ಅಷ್ಟು ಸೊಗಸಾಗಿ ಕೇಳುವ ಪೆಟ್ಟಿಗೆ, ಆಂಪ್ಲಿಫೈಯರಿಗೆ ಜೋಡಿಸಿದ ಕೂಡಲೇ ಗಂಟಲು ಕಟ್ಟಿದವರಂತೆ ಯಾಕೆ ಹಾಡುತ್ತದೆ? ಕಲಿಯುವ ಹುಡುಗರು ನನ್ನನ್ನು ಹೀಗೆ ಕೇಳಿದಾಗ ನಾನು ಯಾವ ಗುಂಡಿ ತಿರುಗಿಸಬೇಕು ಎಂದು ಹೇಳುವ ಮೊದಲು ಒಂದಿಷ್ಟು ಹಳೆಯ ಕಥೆ ಹೇಳುತ್ತೇನೆ. ಆ ಪೆಟ್ಟಿಗೆಯೊಳಗೆ ಇರುವುದು ಮುಖ್ಯವಾಗಿ ಚರಿತ್ರೆಯೇ ಎಂಬುದು ನನ್ನ ನಂಬಿಕೆ.

ಮೊದಲಿಗೆ ಆಂಪ್ ಹುಟ್ಟಿದ್ದು ಸದ್ದನ್ನು ಬದಲಿಸಲಿಕ್ಕಲ್ಲ, ಬರೀ ದೊಡ್ಡದು ಮಾಡಲಿಕ್ಕೆ. 1930ರ ದಶಕದ ಅಮೆರಿಕದ ವಾದ್ಯವೃಂದಗಳಲ್ಲಿ ಟ್ರಂಪೆಟ್, ಸ್ಯಾಕ್ಸೊಫೋನುಗಳ ನಡುವೆ ಗಿಟಾರು ಕೇಳಿಸುತ್ತಲೇ ಇರಲಿಲ್ಲ. ತಂತಿಯ ಕೆಳಗೆ ಪಿಕಪ್ ಬಂತು, ಅದರ ಹಿಂದೆಯೇ ಆಂಪ್ ಬಂತು. ಕ್ಯಾಲಿಫೋರ್ನಿಯಾದ ಫುಲರ್ಟನ್ನಿನಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟಿದ್ದ ಲಿಯೊ ಫೆಂಡರ್‌ಗೆ ಬೇಕಿದ್ದುದು ಸ್ವಚ್ಛವಾದ, ಗಟ್ಟಿಯಾದ ಸದ್ದು. ಆದರೆ ವಾಲ್ವಿಗೆ ಅದರ ತಾಕತ್ತಿಗಿಂತ ಹೆಚ್ಚು ಕೆಲಸ ಕೊಟ್ಟರೆ ಧ್ವನಿತರಂಗದ ತುದಿಗಳು ಕತ್ತರಿಸಿಹೋಗುತ್ತವೆ. ಮೂಲ ಸ್ವರದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ, ಸದ್ದು ಒರಟಾಗುತ್ತದೆ. ಎಂಜಿನಿಯರಿಗೆ ಅದು ದೋಷ.

ವಾದಕರು ಆ ದೋಷವನ್ನೇ ಅಪ್ಪಿಕೊಂಡರು. 1951ರಲ್ಲಿ ಮೆಂಫಿಸ್ ನಗರದ ಸ್ಯಾಮ್ ಫಿಲಿಪ್ಸರ ಸ್ಟುಡಿಯೊಗೆ ಐಕ್ ಟರ್ನರ್ ತಂಡ ‘ರಾಕೆಟ್ 88’ ಹಾಡನ್ನು ಮುದ್ರಿಸಲು ಬಂದಾಗ ಗಿಟಾರ್ ವಾದಕ ವಿಲ್ಲಿ ಕಿಜಾರ್ಟ್‌ನ ಆಂಪ್ ಕೆಟ್ಟಿತ್ತು. ಹಾನಿಯಾದ ಸ್ಪೀಕರಿಗೆ ಕಾಗದ ತುರುಕಿ ಹಾಗೆಯೇ ಮುದ್ರಿಸಿದರು. 1958ರಲ್ಲಿ ‘ರಂಬಲ್’ಗಾಗಿ ಲಿಂಕ್ ರೇ ತನ್ನ ಸ್ಪೀಕರಿಗೆ ಪೆನ್ಸಿಲಿನಿಂದ ತೂತು ಮಾಡಿದ. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸಣ್ಣ ಆಂಪಿನ ಸ್ಪೀಕರನ್ನು ಬ್ಲೇಡಿನಿಂದ ಸೀಳಿದ. ‘ಯೂ ರಿಯಲಿ ಗಾಟ್ ಮಿ’ಯ ಆ ಕರಕರ ಸದ್ದು ಅಲ್ಲಿಯದು.

ಬ್ಲೇಡು ಹಾಕಿದ ಸ್ಪೀಕರನ್ನು ಮತ್ತೆ ಹೊಲಿಯಲಾಗುವುದಿಲ್ಲ. ಬೇಕೆಂದಾಗ ಕೆಟ್ಟು, ಬೇಡವೆಂದಾಗ ಸರಿಯಾಗುವ ಉಪಾಯ ಬೇಕಿತ್ತು. ಅದು ಬಂದದ್ದು ನ್ಯಾಶ್‌ವಿಲ್‌ನಿಂದ. 1961ರಲ್ಲಿ ಬಿಡುಗಡೆಯಾದ ಮಾರ್ಟಿ ರಾಬಿನ್ಸ್‌ರ ‘ಡೋಂಟ್ ವರಿ’ ಹಾಡಿನ ಮುದ್ರಣದಲ್ಲಿ ಮಿಕ್ಸಿಂಗ್ ಕನ್ಸೋಲಿನ ಒಂದು ಚಾನೆಲ್ ಕೆಟ್ಟು, ಗ್ರೇಡಿ ಮಾರ್ಟಿನ್ ನುಡಿಸಿದ ಬೇಸ್ ದುಂಬಿಯಂತೆ ಗುಂಯ್‌ಗುಟ್ಟಿತು. ಎಂಜಿನಿಯರ್ ಗ್ಲೆನ್ ಸ್ನಾಡಿ ಆ ಕೆಡುಕನ್ನು ಟ್ರಾನ್ಸಿಸ್ಟರುಗಳಲ್ಲಿ ಮರುಸೃಷ್ಟಿಸಿದರು. ಗಿಬ್ಸನ್ ಕಂಪನಿ 1962ರಲ್ಲಿ ಅದನ್ನು ಮೇಸ್ಟ್ರೊ ಫಝ್ ಟೋನ್ ಎಂಬ ಪೆಡಲಾಗಿ ಮಾರಾಟಕ್ಕಿಟ್ಟಿತು. 1965ರಲ್ಲಿ ಕೀತ್ ರಿಚರ್ಡ್ಸ್ ‘ಸ್ಯಾಟಿಸ್‌ಫ್ಯಾಕ್ಷನ್’ನಲ್ಲಿ ಅದನ್ನು ತುಳಿದ ಮೇಲೆ ಪೆಡಲಿಗೆ ಎಲ್ಲಿಲ್ಲದ ಬೇಡಿಕೆ ಬಂತು.

ಇದು ನಮಗೆ ತೀರಾ ಅಪರಿಚಿತವಾದ ಸಂಗತಿಯಲ್ಲ. ತಂಬೂರಿಯ ಕುದುರೆಯ ಮೇಲೆ ತಂತಿಯಡಿ ದಾರದ ಒಂದು ಎಳೆ ಸರಿಸಿ, ಶುದ್ಧ ಸ್ವರಕ್ಕೆ ಝೇಂಕಾರ ಬೆರೆಸುವವರು ನಮ್ಮವರೇ. ಅದಕ್ಕೆ ನಾವಿಟ್ಟ ಹೆಸರು ಜೀವಾಳ. ತಂತಿ ಕುದುರೆಗೆ ಸವರಿ ಝೇಂಕರಿಸುವುದನ್ನು ದೋಷವೆನ್ನದೆ ಜೀವ ಎಂದ ಭಾಷೆ ನಮ್ಮದು.

ಮುಂದಿನ ತಿರುವು ಇನ್ನೂ ಕುತೂಹಲದ್ದು. ದೊಡ್ಡ ವಾಲ್ವ್ ಆಂಪ್ ಚೆನ್ನಾಗಿ ಒಡೆಯಬೇಕಾದರೆ ಅದನ್ನು ಜೋರಾಗಿಡಬೇಕು. ಅಷ್ಟು ಜೋರಾಗಿಟ್ಟರೆ ಮನೆಯವರೂ ನೆರೆಯವರೂ ಸುಮ್ಮನಿರುವುದಿಲ್ಲ. ಹೀಗಾಗಿ ಆಂಪನ್ನೇ ಅನುಕರಿಸುವ ಯಂತ್ರಗಳು ಬಂದವು. ಬಾಸ್ಟನ್ ತಂಡದ ಟಾಮ್ ಶೋಲ್ಜ್ 1982ರಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳಬಹುದಾದ ರಾಕ್‌ಮನ್ ತಂದರು. 1998ರಲ್ಲಿ ಲೈನ್ 6 ಕಂಪನಿ ರಾಜ್ಮಾ ಕಾಳಿನ ಆಕಾರದ ಕೆಂಪು ಪಾಡ್ ತಂದಿತು. ಹಲವು ಪ್ರಸಿದ್ಧ ಆಂಪ್‌ಗಳ ಸ್ವಭಾವ ಅದರಲ್ಲಿ ಲೆಕ್ಕಾಚಾರವಾಗಿ ಕುಳಿತಿತ್ತು. 2011ರ ಜರ್ಮನಿಯ ಕೆಂಪರ್ ಇನ್ನೂ ಮುಂದೆ ಹೋಗಿ, ನಿಜವಾದ ಆಂಪ್‌ಗೆ ಪರೀಕ್ಷೆಯ ಸದ್ದು ಕಳಿಸಿ, ಮೈಕಿಗೆ ಬಂದ ಉತ್ತರವನ್ನು ಅಳೆದು ನೆನಪಿಟ್ಟುಕೊಂಡಿತು.

ಈಗ ಹುಡುಗರ ದೂರಿಗೆ ಬರೋಣ. ಪ್ರೊಸೆಸರಿನಿಂದ ಹೊರಬರುವುದು ಬರಿಯ ಗಿಟಾರಲ್ಲ. ಆಂಪ್, ಸ್ಪೀಕರ್ ಪೆಟ್ಟಿಗೆ, ಅದರ ಮುಂದಿನ ಮೈಕ್ ಎಲ್ಲವನ್ನೂ ದಾಟಿಬಂದಂತೆ ನಟಿಸುವ ಸದ್ದು. ಗಿಟಾರಿನ ಸ್ಪೀಕರ್ ಸುಮಾರು 5,000 ಹರ್ಟ್ಸ್‌ನಿಂದ ಮೇಲಿನ ಚೂಪು ಸ್ವರಗಳನ್ನು ಬಹುಮಟ್ಟಿಗೆ ನುಂಗಿಬಿಡುತ್ತದೆ. ಆ ನುಂಗುವಿಕೆಯನ್ನೂ ಅನುಕರಿಸಿದ ಸದ್ದನ್ನು ನಿಜವಾದ ಆಂಪ್‌ನ ಮುಂಭಾಗಕ್ಕೆ ಕೊಟ್ಟರೆ ಎಲ್ಲವೂ ಎರಡೆರಡು ಸಲ ನಡೆಯುತ್ತದೆ. ಸೋಸಿದ ಕಾಫಿಯನ್ನು ಮತ್ತೆ ಅದೇ ಗಸಿಯ ಮೇಲೆ ಸುರಿದಂತೆ.

ಪರಿಹಾರ ಸರಳ. ಪ್ರೊಸೆಸರಿನಲ್ಲಿ ಸ್ಪೀಕರ್ ಪೆಟ್ಟಿಗೆಯ ಅನುಕರಣೆಯನ್ನು ಆರಿಸಿ, ಕೇಬಲನ್ನು ಆಂಪ್‌ನ ಹಿಂದಿನ ‘ರಿಟರ್ನ್’ ಕಿಂಡಿಗೆ ಹಾಕಿದರೆ, ಆಂಪ್‌ನ ಮೊದಲ ಹಂತ ತಪ್ಪಿ ಶಕ್ತಿಯ ಹಂತ ಮಾತ್ರ ದುಡಿಯುತ್ತದೆ. ಆಂಪ್‌ನ ಸ್ವಂತ ದನಿಯೇ ಬೇಕೆಂದರೆ ನಾಲ್ಕು ಕೇಬಲ್ ಬಳಸಿ, ಫಝ್, ವಾ ಇಂಥವನ್ನು ಮೊದಲ ಹಂತಕ್ಕೆ ಮುಂಚೆ, ಪ್ರತಿಧ್ವನಿಯನ್ನು ಅದರ ನಂತರ ಇಡಬಹುದು. ಈ ಅನುಕ್ರಮವೂ ಚರಿತ್ರೆಯದೇ. ಫಝ್ ಪೆಟ್ಟಿಗೆ ವಾದಕನ ಕಾಲಬಳಿ, ಆಂಪ್‌ಗೂ ಮೊದಲು ಇತ್ತು. ಹಲವು ಧ್ವನಿಮುದ್ರಿಕೆಗಳಲ್ಲಿ ಪ್ರತಿಧ್ವನಿ ಸೇರಿದ್ದು ಮೈಕಿನ ಆಚೆ, ಸ್ಟುಡಿಯೊದಲ್ಲಿ. ಒಡೆದ ಸದ್ದು ಗೋಡೆಗೆ ಬಡಿದು ಮರಳುವುದು ಸಹಜ; ಮರಳಿದ ಸದ್ದನ್ನು ಮತ್ತೆ ಒಡೆದರೆ ಸ್ವರಗಳು ಕೆಸರಾಗುತ್ತವೆ.

ಹಾಗಾದರೆ ಇದೆಲ್ಲ ನಕಲಿಯೇ ಎಂದು ಕೇಳುವವರಿದ್ದಾರೆ. 1970ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಎಲೆಕ್ಟ್ರಾನಿಕ್ ತಂಬೂರಿ ಮಾಡಿದಾಗಲೂ ಕೇಳಬಹುದಾಗಿದ್ದ ಪ್ರಶ್ನೆ ಇದು. ಆ ಪುಟ್ಟ ಪೆಟ್ಟಿಗೆ ತಂಬೂರಿ ಮೀಟುವವರಿಲ್ಲದ ಎಷ್ಟೋ ಮನೆಗಳಲ್ಲಿ ಶ್ರುತಿ ಹಿಡಿಯಿತು. ಹಾಸ್ಟೆಲಿನ ಕೋಣೆಯಲ್ಲಿ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಕಲಿಯುವ ಹುಡುಗಿಗೆ ಪ್ರೊಸೆಸರ್ ಮಾಡುವ ಉಪಕಾರವೂ ಅಂಥದೇ. ಅದನ್ನು ನಕಲಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಹೆಡ್‌ಫೋನಿಗೆ ನಿಲುಕದ್ದು ಒಂದಿದೆ. 1964ರಲ್ಲಿ ಬೀಟಲ್ಸ್ ತಂಡದ ‘ಐ ಫೀಲ್ ಫೈನ್’ ಹಾಡು ಶುರುವಾಗುವುದು ಫೀಡ್‌ಬ್ಯಾಕಿನಿಂದ: ಸ್ಪೀಕರಿನ ಸದ್ದು ಗಾಳಿಯಲ್ಲಿ ಬಂದು ತಂತಿಯನ್ನು ಮತ್ತೆ ನಡುಗಿಸಿ, ತಂತಿ ಸ್ಪೀಕರನ್ನು ಮತ್ತೆ ಕೂಗಿಸುವ ವೃತ್ತ. ಜಿಮಿ ಹೆಂಡ್ರಿಕ್ಸ್ ಅದನ್ನೇ ವಾದ್ಯವಾಗಿಸಿಕೊಂಡ. ಅದಕ್ಕೆ ವಾದಕ, ತಂತಿ, ಸ್ಪೀಕರ್ ಒಂದೇ ಕೋಣೆಯ ಗಾಳಿಯಲ್ಲಿರಬೇಕು. ಆದ್ದರಿಂದಲೇ ಪ್ರೊಸೆಸರ್ ಇದ್ದವರಿಗೂ ಆಂಪ್ ಬೇಕು ಎನ್ನುತ್ತೇನೆ. ಕೇಬಲ್ ಜೋಡಿಸಿ, ಸ್ಪೀಕರಿನ ಎದುರು ಗಿಟಾರ್ ಹಿಡಿದು ನಿಂತು, ಒಂದು ಸ್ವರ ಮೀಟಿ ಕೈ ತೆಗೆಯಿರಿ. ಅದು ಅಡಗುವ ಬದಲು ನಿಧಾನ ಏರತೊಡಗಿದರೆ, ಅದು ಪ್ರೊಸೆಸರಿನ ನೆನಪಲ್ಲ. ಆ ಕೋಣೆಯಲ್ಲಿ ಆಗತಾನೆ ಹುಟ್ಟಿದ್ದು.