ರಾಜನ ರುಜು, ಮನೆತನದ ಮುದ್ರೆ

ವಂಡಲೂರಿನಿಂದ ಕೇಳಂಬಾಕ್ಕಂ ಕಡೆಗೆ ಹೋಗುವಾಗ ಊನಮಾಂಚೇರಿ ಎಂಬ ಊರು ಸಿಗುತ್ತದೆ. ಒಎಂಆರ್ ಕಚೇರಿಗಳಿಗೆ ಓಡಾಡುವ ನಮ್ಮಲ್ಲಿ ಹಲವರಿಗೆ ಆ ದಾರಿ ಗೊತ್ತು. ಈ ಊರಿನ ದಾನಕ್ಕೆ ವಿಜಯನಗರದ ಅಚ್ಯುತದೇವರಾಯ ಶಕ 1462ರಲ್ಲಿ, ಅಂದರೆ ಕ್ರಿ.ಶ. 1540ರಲ್ಲಿ, ಹೊರಡಿಸಿದ ತಾಮ್ರಶಾಸನವಿದೆ. ಊರು ತಮಿಳರದು, ಭಾಷೆ ಸಂಸ್ಕೃತ, ಲಿಪಿ ನಂದಿನಾಗರಿ. ಆದರೆ ಕೊನೆಗೆ ಕನ್ನಡ ಅಕ್ಷರಗಳಲ್ಲಿ ‘ಶ್ರೀ ವಿರೂಪಾಕ್ಷ’ ಎಂದಿದೆ. ಅದು ರಾಜನ ರುಜು. ವಿಜಯನಗರದ ಅರಸರು ತಮ್ಮ ಹೆಸರಿನ ಬದಲು ಹಂಪಿಯ ದೇವರ ಹೆಸರಿನಲ್ಲಿ ಸಹಿ ಹಾಕುತ್ತಿದ್ದರು.

ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ಕೇಳುವ ಪ್ರಶ್ನೆ: ಇ-ಮೇಲ್ ಸಿಗ್ನೇಚರಿಗೆ ಕಂಪನಿಯ ಚಿತ್ರ ಸೇರಿಸುವುದು ಹೇಗೆ? ಎರಡು ನಿಮಿಷದ ಕೆಲಸ. ಆದರೆ ಪತ್ರದ ಜೊತೆ ಚಿತ್ರ ಯಾಕೆ ಬೇಕು, ಅದು ಏನನ್ನು ಹೇಳುತ್ತದೆ ಎಂಬ ಪ್ರಶ್ನೆಗೆ ಸಾವಿರದೈನೂರು ವರ್ಷದ ಇತಿಹಾಸವಿದೆ.

ತಾಮ್ರಶಾಸನದ ಹಲಗೆಗಳಿಗೆ ತೂತು ಕೊರೆದು, ಬಳೆ ತೂರಿಸಿ, ಬಳೆಯ ಎರಡು ತುದಿಗಳನ್ನೂ ಮುದ್ರೆಯಲ್ಲಿ ಸೇರಿಸಿ ಬೆಸೆಯುತ್ತಿದ್ದರು. ಬಳೆ ಕತ್ತರಿಸದೆ ನಡುವೆ ಇನ್ನೊಂದು ಹಲಗೆ ತುರುಕಲಾಗದು. ಮುದ್ರೆಯ ಮೇಲೆ ಮನೆತನದ ಚಿತ್ರ: ಕದಂಬರಿಗೆ ಸಿಂಹ, ಗಂಗರಿಗೆ ಆನೆ, ಬಾದಾಮಿ ಚಾಲುಕ್ಯರಿಗೆ ವರಾಹ, ರಾಷ್ಟ್ರಕೂಟರಿಗೆ ಗರುಡ. ವಿಜಯನಗರದವರೂ ವರಾಹವನ್ನೇ ಇಟ್ಟುಕೊಂಡರು. ಚೆನ್ನೈಯ ಎಗ್ಮೋರ್ ವಸ್ತುಸಂಗ್ರಹಾಲಯದಲ್ಲಿ ರಾಜೇಂದ್ರ ಚೋಳನ ತಿರುವಾಲಂಗಾಡು ತಾಮ್ರಪಟಗಳಿವೆ. ಅದರ ಮುದ್ರೆಯಲ್ಲಿ ಚೋಳರ ಹುಲಿಯ ಜೊತೆಗೆ ಪಾಂಡ್ಯರ ಮೀನು, ಚೇರರ ಬಿಲ್ಲೂ ಇವೆ. ಕೊಂಡುಕೊಂಡ ಕಂಪನಿಗಳ ಲಾಂಛನವನ್ನೆಲ್ಲ ತನ್ನದರ ಪಕ್ಕದಲ್ಲಿ ಕೂರಿಸಿದ ಹಾಗೆ!

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ದಾನಪತ್ರ ಹೇಗಿರಬೇಕೆಂದು ಹೇಳುವ ಯಾಜ್ಞವಲ್ಕ್ಯ ಸ್ಮೃತಿ ಮುದ್ರೆಯನ್ನೂ ಕೇಳುತ್ತದೆ, ರಾಜನ ಸ್ವಹಸ್ತವನ್ನೂ ಕೇಳುತ್ತದೆ, ಕಾಲವನ್ನೂ ಕೇಳುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಎನ್ನುವುದಿಲ್ಲ. ಚಿತ್ರ ಯಾವ ಮನೆಯಿಂದ ಬಂತು ಎಂದು ಹೇಳುತ್ತದೆ. ಅಕ್ಷರ ಯಾರು ಹೊಣೆ ಎಂದು ಹೇಳುತ್ತದೆ. ನಮ್ಮ ವಚನಕಾರರಿಗಂತೂ ಲಾಂಛನವೇ ಬೇಕಾಗಲಿಲ್ಲ. ಕೂಡಲಸಂಗಮದೇವ ಎಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಈ ಅಂಕಿತಕ್ಕೆ ‘ಮುದ್ರಿಕೆ’ ಎಂಬ ಹೆಸರೂ ಇದೆ.

ಇ-ಮೇಲ್ ಕೂಡ ಮೊದಲು ಬರೀ ಅಕ್ಷರವೇ ಆಗಿತ್ತು. 1995ರ ಅಂತರ್ಜಾಲ ಶಿಷ್ಟಾಚಾರದ ಕೈಪಿಡಿ ಸಿಗ್ನೇಚರ್ ನಾಲ್ಕು ಸಾಲು ಮೀರದಿರಲಿ ಎಂದಿತು. ಅಷ್ಟರಲ್ಲಾಗಲೇ ಚಿತ್ರಕ್ಕೆ ದಾರಿ ತೆರೆದಿತ್ತು. ಅಮೆರಿಕದ ನಥಾನಿಯಲ್ ಬೋರೆನ್‌ಸ್ಟೀನ್ 1992ರ ಮಾರ್ಚ್ 11ರಂದು ಮೈಮ್ ಪದ್ಧತಿಯಲ್ಲಿ ತಮ್ಮ ಗಾಯಕ ತಂಡದ ಚಿತ್ರವನ್ನೂ ಹಾಡನ್ನೂ ಲಗತ್ತಿಸಿ ಕಳಿಸಿದರು. ಚಿತ್ರದ ಪ್ರತಿ ಮೂರು ಬೈಟನ್ನು ನಾಲ್ಕು ಅಕ್ಷರವಾಗಿ ಬದಲಿಸಿ ಪತ್ರದೊಳಗೇ ಸಾಗಿಸುವುದು ಇದರ ಉಪಾಯ. ಸಿಗ್ನೇಚರಿನ ಲಾಂಛನ ಇವತ್ತಿಗೂ ಎರಡೇ ರೀತಿಯಲ್ಲಿ ಬರುತ್ತದೆ. ಒಂದು, ಹೀಗೆ ಪತ್ರದೊಳಗೆ; ಆಗ ಕೆಲವು ಕಡೆ ಅದು ‘ಇಮೇಜ್001’ ಎಂಬ ಬೇಡದ ಲಗತ್ತಾಗಿ ತೋರುತ್ತದೆ. ಇನ್ನೊಂದು, ಸರ್ವರ್‌ನಲ್ಲಿಟ್ಟು ಕೊಂಡಿ ಕೊಡುವುದು. ಚಿತ್ರ ತೆರೆದರೆ ಪತ್ರ ಓದಿದ ಸುದ್ದಿ ಕಳಿಸಿದವರಿಗೆ ತಿಳಿಯಬಹುದಾದ್ದರಿಂದ ಅನೇಕ ಕಚೇರಿಗಳು ಅದನ್ನು ತಡೆಯುತ್ತವೆ. ಆಗ ಕಾಣುವುದು ಖಾಲಿ ಚೌಕ.

ಇನ್ನು ನಕಲಿ. ಶಾಸನತಜ್ಞ ಜೆ. ಎಫ್. ಫ್ಲೀಟ್ ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಕೂಟಶಾಸನಗಳೆಂದು ತಳ್ಳಿಹಾಕಿದರು. ಮೈಸೂರಿನ ಬಿ. ಎಲ್. ರೈಸ್ ಅದನ್ನು ಒಪ್ಪಲಿಲ್ಲ; ಇಬ್ಬರಿಗೂ ದೀರ್ಘ ವಾದ ನಡೆಯಿತು. ವಾದ ನಡೆದದ್ದು ಅಕ್ಷರದ ರೂಪ ಆ ಕಾಲದ್ದೇ, ತಿಥಿ-ವಾರ ತಾಳೆಯಾಗುತ್ತದೆಯೇ ಎಂಬುದರ ಮೇಲೆ. ಆನೆಯ ಮುದ್ರೆ ಇದೆ ಎಂಬುದಷ್ಟೇ ಯಾರಿಗೂ ಸಾಕಾಗಲಿಲ್ಲ. ಮುದ್ರೆಯನ್ನೂ ಎರಕ ಹೊಯ್ಯಬಹುದಲ್ಲ!

ಲಾಂಛನ ನಕಲು ಮಾಡಲು ಇಂದು ಎರಕವೂ ಬೇಡ. ಬ್ಯಾಂಕಿನ ಚಿತ್ರ ಹೊತ್ತ ಸುಳ್ಳು ಪತ್ರ ನಂಬಿ ಹಣ ಕಳೆದುಕೊಳ್ಳುವವರಿದ್ದಾರೆ. ಆದ್ದರಿಂದಲೇ 2021ರಲ್ಲಿ ಜಿಮೇಲ್ ‘ಬಿಮಿ’ ಪದ್ಧತಿ ತಂದಿತು: ಕಳಿಸಿದ ಡೊಮೇನ್ ದೃಢಪಟ್ಟು, ಲಾಂಛನ ಅವರದೇ ಎಂಬ ಪ್ರಮಾಣಪತ್ರವೂ ಇದ್ದರೆ ಮಾತ್ರ ಹೆಸರಿನ ಪಕ್ಕ ಚಿತ್ರ. ಬೆಸೆದ ಬಳೆಯ ಕೆಲಸವನ್ನು ಈಗ ಗಣಿತ ಮಾಡುತ್ತಿದೆ. ಪತ್ರದ ಬುಡದಲ್ಲಿ ಅಂಟಿಸಿದ ಚಿತ್ರಕ್ಕೆ ಆ ಬಲವಿಲ್ಲ.

ಹಾಗಾದರೆ ಚಿತ್ರ ಬೇಡವೇ? ಇರಲಿ, ಸಣ್ಣದಾಗಿರಲಿ. ಆದರೆ ಚೆಂದವಾಗಿ ಕಾಣಲೆಂದು ಹೆಸರು, ಹುದ್ದೆ, ಫೋನ್ ಸಂಖ್ಯೆಯನ್ನೆಲ್ಲ ಒಂದೇ ಚಿತ್ರ ಮಾಡಿ ಅಂಟಿಸುವುದು ಬೇಡ. ಚಿತ್ರ ತಡೆದರೆ ಹೆಸರೂ ಹೋಯಿತು. ಕಣ್ಣು ಕಾಣದ ಸಹೋದ್ಯೋಗಿಗೆ ಪತ್ರ ಓದಿ ಹೇಳುವ ತಂತ್ರಾಂಶಕ್ಕೂ ಅದು ದಕ್ಕದು. ಮುದ್ರೆ ಕಂಪನಿಯದು, ನಾಳೆ ಬದಲಾದೀತು. ಹೆಸರು ನಮ್ಮದು, ಅಕ್ಷರದಲ್ಲಿರಲಿ. ಇಂಗ್ಲಿಷಿನ ಕೆಳಗೆ ಒಂದು ಸಾಲು ಕನ್ನಡದಲ್ಲೂ ಇದ್ದರೆ ಅತಿಯೇನಲ್ಲ. ಸಂಸ್ಕೃತದ ಪತ್ರ, ತಮಿಳರ ಊರು ಎಂದು ಅಚ್ಯುತರಾಯನ ರುಜುವೇನೂ ಲಿಪಿ ಬದಲಿಸಲಿಲ್ಲ.